ಇಗ್ವಾನಾ ಸಾಕಬೇಕಾ? ಮೊದಲು ಗೂಡು ಕಟ್ಟಿ, ಆಮೇಲೆ ಮರಿ ತನ್ನಿ

ಹಸಿರು ಇಗ್ವಾನಾ ಎಂಬ ದೊಡ್ಡ ಹಲ್ಲಿಯ ಬಗ್ಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮರಿ ತಂದಿದ್ದೀನಿ, ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೀನಿ, ಏನೂ ತಿಂತಿಲ್ಲ, ಏನು ಹಾಕ್ಲಿ?" ಇದಕ್ಕೆ ಸೊಪ್ಪಿನ ಹೆಸರು ಹೇಳಿ ಸುಮ್ಮನಾಗಬಹುದು, ಆದರೆ ಪ್ರಯೋಜನ ಇಲ್ಲ. ಮೈ ಬೆಚ್ಚಗಾಗದ ಇಗ್ವಾನಾ ಎಂಥ ಒಳ್ಳೆಯ ಸೊಪ್ಪು ಕೊಟ್ಟರೂ ಮೂಸುವುದಿಲ್ಲ. ಗೂಡು ಸರಿ ಇದ್ದರೆ ಊಟ ತಾನಾಗಿ ದಾರಿಗೆ ಬರುತ್ತದೆ. ಹಾಗಾಗಿ ಈ ಲೇಖನದಲ್ಲಿ ಪ್ರಾಣಿ ಮನೆಗೆ ಬರುವುದು ಎಂಟನೇ ಹಂತದಲ್ಲಿ. ಅವಸರ ಮಾಡಬೇಡಿ.

1. ಮೊದಲು ಅಳತೆ ನೋಡಿ, ಆಮೇಲೆ ಆಸೆ

ಮೊಟ್ಟೆಯಿಂದ ಹೊರಬಂದ ಮರಿ ಬಾಲವೂ ಸೇರಿ ಒಂದು ಗೇಣು ಇರುತ್ತದೆ. ಎಳೆ ಬಾಳೆ ಎಲೆಯ ಹಸಿರು, ದೊಡ್ಡ ಕಣ್ಣು, ನೋಡಿದವರಿಗೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಅದೇ ಮರಿ ಚೆನ್ನಾಗಿ ಬೆಳೆದರೆ ಮೂರು ನಾಲ್ಕು ವರ್ಷದಲ್ಲಿ ಒಂದೂವರೆ ಮೀಟರ್ ದಾಟುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ, ನಿಜ. ಆದರೂ ದೊಡ್ಡ ಗಂಡು ನಾಲ್ಕೈದು ಕಿಲೋ ತೂಗುತ್ತದೆ. ಚೆನ್ನಾಗಿ ಸಾಕಿದರೆ 15ರಿಂದ 20 ವರ್ಷ ಬದುಕುತ್ತದೆ. ಈಗ ಶಾಲೆಗೆ ಹೋಗುವ ಮಗ ಕೇಳಿದ ಅಂತ ತಂದರೆ, ಅವನು ಓದು ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಅದು ನಿಮ್ಮ ಮನೆಯಲ್ಲೇ ಇರುತ್ತದೆ.

"ಚಿಕ್ಕ ಪೆಟ್ಟಿಗೆಯಲ್ಲಿ ಇಟ್ಟರೆ ಚಿಕ್ಕದಾಗಿಯೇ ಉಳಿಯುತ್ತೆ" ಅಂತ ಮಾರುವವರು ಹೇಳುವುದುಂಟು. ನಂಬಬೇಡಿ. ಹಾಗೆ ಕುಳ್ಳಾಗಿ ಉಳಿದದ್ದು ಕಾಯಿಲೆ ಬಿದ್ದ ಪ್ರಾಣಿ.

ಕಾನೂನನ್ನೂ ಈಗಲೇ ನೋಡಿಕೊಳ್ಳಿ. ಹಸಿರು ಇಗ್ವಾನಾದ ತವರು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಬಿಸಿ ಪ್ರದೇಶ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಇದರ ಹೆಸರಿದೆ. ಅಂದರೆ ದೇಶದಿಂದ ದೇಶಕ್ಕೆ ಹೋಗುವಾಗ ಕಾಗದಪತ್ರ ಬೇಕೇ ಬೇಕು. ಕೆಲವು ಕಡೆ ನೋಂದಣಿ ಕಡ್ಡಾಯ, ಕೆಲವು ಕಡೆ ಸಾಕುವಂತೆಯೇ ಇಲ್ಲ. ಕಾಡಿನಿಂದ ಹಿಡಿದು ತಂದದ್ದು ಬೇಡ. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ದಾಖಲೆಯ ಜೊತೆ ತೆಗೆದುಕೊಳ್ಳಿ.

ಹಾವು, ಹಲ್ಲಿ, ಆಮೆಗಳನ್ನು ನೋಡುವ ಪಶುವೈದ್ಯರು ನಿಮ್ಮ ಕೈಗೆಟುಕುವ ದೂರದಲ್ಲಿ ಇದ್ದಾರಾ ಅಂತಲೂ ವಿಚಾರಿಸಿ. ಇಲ್ಲ ಅಂದರೆ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

2. ಗೂಡು: ಉದ್ದಕ್ಕಿಂತ ಎತ್ತರ ಮುಖ್ಯ

ಬೆಳೆದ ಇಗ್ವಾನಾಗೆ ಕನಿಷ್ಠ ಆರಡಿ ಎತ್ತರ, ಆರಡಿ ಉದ್ದ, ಮೂರಡಿ ಆಳ ಬೇಕು. ಕನಿಷ್ಠ ಅಂದೆ, ನೆನಪಿರಲಿ. ಮರಿಗೆ ಮೊದಲ ಕೆಲವು ತಿಂಗಳು ಚಿಕ್ಕ ಗೂಡು ನಡೆಯುತ್ತದೆ. ತುಂಬಾ ದೊಡ್ಡದರಲ್ಲಿ ಬಿಟ್ಟರೆ ಅದು ಮೂಲೆ ಸೇರಿ ತಿನ್ನಲು ಹೊರಗೇ ಬರುವುದಿಲ್ಲ. ಆದರೆ ದೊಡ್ಡ ಗೂಡಿನ ಜಾಗ ಯಾವುದು, ಯಾವಾಗ ಕಟ್ಟಿಸುತ್ತೀರಿ ಅನ್ನುವುದು ಮರಿ ತರುವ ಮುಂಚೆ ತೀರ್ಮಾನ ಆಗಿರಬೇಕು.

ಪೂರ್ತಿ ಗಾಜಿನದು ಬೇಡ. ಭಾರ, ಗಾಳಿ ಆಡುವುದಿಲ್ಲ, ಗಂಡು ತನ್ನದೇ ಬಿಂಬ ನೋಡಿ ಜಗಳಕ್ಕೆ ಬೀಳುತ್ತದೆ. ಪೂರ್ತಿ ಜಾಲರಿಯದ್ದೂ ಕಷ್ಟ, ಬಿಸಿಯೂ ತೇವವೂ ನಿಲ್ಲುವುದಿಲ್ಲ. ಮೂರು ಕಡೆ ಪಿವಿಸಿ ಹಲಗೆ ಅಥವಾ ನೀರು ಹಿಡಿಯದಂತೆ ಬಣ್ಣ ಬಳಿದು ಚೆನ್ನಾಗಿ ಒಣಗಿಸಿದ ಪ್ಲೈವುಡ್, ಮುಂದೆ ಬಾಗಿಲು, ಮೇಲೂ ಪಕ್ಕದಲ್ಲೂ ಗಾಳಿಗೆ ಜಾಲರಿ, ಇದು ನನಗೆ ಸರಿ ಕಾಣುವ ಜೋಡಣೆ. ಬಾಗಿಲಿಗೆ ಚಿಲಕ ಹಾಕಿಸಿ. ಇವು ತಲೆಯಿಂದ ತಳ್ಳಿ ಬಾಗಿಲು ತೆರೆಯುವುದರಲ್ಲಿ ಗಟ್ಟಿಗರು.

ಒಂದು ಗೂಡಿಗೆ ಒಂದೇ ಪ್ರಾಣಿ. "ಪಾಪ, ಒಂಟಿ" ಅಂತ ಇನ್ನೊಂದನ್ನು ತರಬೇಡಿ. ಎರಡು ಮರಿ ಒಂದರ ಮೇಲೊಂದು ಮಲಗಿದ್ದರೆ ಅದು ಪ್ರೀತಿ ಅಲ್ಲ, ಬಿಸಿ ಜಾಗಕ್ಕೆ ಪೈಪೋಟಿ. ಮೇಲಿರುವುದು ಬೆಳೆಯುತ್ತದೆ, ಕೆಳಗಿರುವುದು ಸೊರಗುತ್ತದೆ.

3. ಕೊಂಬೆ ಮತ್ತು ನೆಲ

ಕೊಂಬೆ ಅದರ ಹೊಟ್ಟೆಯಷ್ಟಾದರೂ ದಪ್ಪ ಇರಲಿ, ತೊಗಟೆ ಒರಟಾಗಿರಲಿ. ಒಂದೆರಡನ್ನು ಅಡ್ಡಲಾಗಿ, ಒಂದೆರಡನ್ನು ಓರೆಯಾಗಿ ಸ್ಕ್ರೂ ಹಾಕಿ ಬಿಗಿ ಮಾಡಿ. ನೀವೇ ಕೈಯಲ್ಲಿ ಜೋರಾಗಿ ಅದುಮಿ ನೋಡಿ, ಅಲುಗಾಡಿದರೆ ಮತ್ತೆ ಬಿಗಿ ಮಾಡಿ. ಗಟ್ಟಿ ವಾಸನೆಯ, ಅಂಟು ಸುರಿಸುವ ಪೈನ್, ಸೀಡರ್ ಮರ ಬೇಡ. ಬಿಸಿಲು ಕಾಯುವ ದೀಪದ ಕೆಳಗೆ ಅಗಲವಾದ ಹಲಗೆಯೊಂದನ್ನು ಅಡ್ಡ ಹಾಕಿದರೆ ಕೈಕಾಲು ಇಳಿಬಿಟ್ಟು ಮಲಗಲು ಅನುಕೂಲ.

ನೆಲಕ್ಕೆ ಕಾಗದ ಸಾಕು. ಮರಳು, ಜಲ್ಲಿ, ಮರದ ಹೊಟ್ಟು ಹಾಕಬೇಡಿ. ಇಗ್ವಾನಾ ಎಲ್ಲವನ್ನೂ ನಾಲಿಗೆಯಿಂದ ಮುಟ್ಟಿ ನೋಡುವ ಪ್ರಾಣಿ, ಒಳಗೆ ಹೋದರೆ ಕರುಳು ಕಟ್ಟಿಕೊಳ್ಳುತ್ತದೆ.

4. ಬಿಸಿ

ಇದರ ಮೈಯಲ್ಲಿ ತಾನಾಗಿ ಶಾಖ ಹುಟ್ಟುವುದಿಲ್ಲ. ಬಿಸಿ ಬೇಕಾದಾಗ ಬಿಸಿ ಕಡೆಗೆ, ಸಾಕಾದಾಗ ತಂಪಿನ ಕಡೆಗೆ ಸರಿದು ಸಮ ಮಾಡಿಕೊಳ್ಳುತ್ತದೆ. ಹಾಗಾಗಿ ಗೂಡಿಡೀ ಒಂದೇ ಬಿಸಿ ಇದ್ದರೆ ಅದು ಅದಕ್ಕೆ ಶಿಕ್ಷೆ.

ದೀಪದ ಕೆಳಗಿನ ಜಾಗ 35ರಿಂದ 38 ಡಿಗ್ರಿ ಸೆಲ್ಸಿಯಸ್ ಇರಲಿ. ತಂಪಿನ ಮೂಲೆ 26ರ ಸುತ್ತಮುತ್ತ, ರಾತ್ರಿ 22ರಿಂದ 25. ಬೆಳಕಿನ ಬಲ್ಬುಗಳು ರಾತ್ರಿ ಆರಿರಬೇಕು, ಕೆಂಪು ನೀಲಿ "ನೈಟ್ ಬಲ್ಬ್" ಕೂಡ ಬೇಡ. ರಾತ್ರಿ ಚಳಿ ಜಾಸ್ತಿ ಇದ್ದರೆ ಬೆಳಕು ಕೊಡದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಹಾಕಿ. ಎಲ್ಲವನ್ನೂ ಥರ್ಮೋಸ್ಟಾಟ್ ಮೂಲಕವೇ ಜೋಡಿಸಿ. ನೀವು ಇಟ್ಟ ಮಟ್ಟ ಮುಟ್ಟಿದ ಕೂಡಲೇ ಬಿಸಿಯನ್ನು ತಾನೇ ನಿಲ್ಲಿಸುವ ಸಾಧನ ಅದು. ದೀಪಗಳಿಗೆ ತಂತಿಯ ಮುಚ್ಚಳ ಹಾಕಿ, ಇಲ್ಲದಿದ್ದರೆ ಬಿಸಿ ಬಲ್ಬನ್ನೇ ಅಪ್ಪಿಕೊಂಡು ಕೂರುತ್ತದೆ.

ಅಂಗಡಿಗಳಲ್ಲಿ ಸಿಗುವ ಬಿಸಿ ಕಲ್ಲು ಬೇಡವೇ ಬೇಡ. ಇಗ್ವಾನಾ ಬಿಸಿಯನ್ನು ಬೆನ್ನಿನ ಮೇಲೆ ಬೀಳುವ ಬಿಸಿಲಾಗಿ ಬಲ್ಲದು. ಹೊಟ್ಟೆ ಸುಡುತ್ತಿದ್ದರೂ ಅದರ ಮೇಲೇ ಕೂತಿರುತ್ತದೆ.

ಚಳಿ ಇದಕ್ಕೆ ಏನು ಮಾಡುತ್ತದೆ ಅನ್ನುವುದಕ್ಕೆ ಅಮೆರಿಕದ ಫ್ಲೋರಿಡಾ ರಾಜ್ಯ ನೋಡಿ. ಸಾಕುವವರ ಕೈತಪ್ಪಿ ಹೋದವು, ಬೇಡವಾಗಿ ಬಿಟ್ಟವು ಅಲ್ಲಿ ಕಾಡು ಬಿದ್ದು ಸಾವಿರಗಟ್ಟಲೆ ಆಗಿವೆ. 2020ರ ಜನವರಿಯಲ್ಲಿ ಚಳಿ ಬಿದ್ದಾಗ ಮರದಿಂದ ಇಗ್ವಾನಾ ಬೀಳಬಹುದು, ಹುಷಾರು ಅಂತ ಮಯಾಮಿಯ ಹವಾಮಾನ ಕಚೇರಿಯೇ ಜನರಿಗೆ ಹೇಳಿತ್ತು. ಸತ್ತು ಬಿದ್ದವಲ್ಲ, ಮರಗಟ್ಟಿ ಕೊಂಬೆಯ ಹಿಡಿತ ತಪ್ಪಿದವು.

5. ಬೆಳಕು: ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ

ಈ ಹಂತವನ್ನು ನಿಧಾನವಾಗಿ ಓದಿ. ಬಿಸಿ ಕೊಡುವ ಬಲ್ಬ್ ಬೇರೆ, ಯುವಿಬಿ ದೀಪ ಬೇರೆ. ಯುವಿಬಿ ಅಂದರೆ ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳ ಒಂದು ಭಾಗ. ಇದು ಚರ್ಮದ ಮೇಲೆ ಬಿದ್ದಾಗ ಇಗ್ವಾನಾದ ಮೈ ಡಿ3 ಜೀವಸತ್ವ ತಯಾರಿಸುತ್ತದೆ. ಡಿ3 ಇದ್ದರೆ ಮಾತ್ರ ತಿಂದ ಸುಣ್ಣ, ಅಂದರೆ ಕ್ಯಾಲ್ಸಿಯಂ, ಮೂಳೆಗೆ ಸೇರುತ್ತದೆ. ಡಿ3 ಪುಡಿ ತಿನ್ನಿಸಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಎಲೆ ತಿಂದು ಬಿಸಿಲಲ್ಲಿ ಬದುಕುವ ಈ ಪ್ರಾಣಿ ಡಿ3ಗೆ ನೆಚ್ಚಿಕೊಂಡಿರುವುದು ಚರ್ಮವನ್ನು.

ಟಿ5 ಅಂತ ಕರೆಯುವ, ಉದ್ದನೆಯ ತೆಳು ಟ್ಯೂಬಿನ ಯುವಿಬಿ ದೀಪ ತನ್ನಿ, ಗೂಡಿನ ಅರ್ಧ ಉದ್ದವನ್ನಾದರೂ ಆವರಿಸುವಂಥದ್ದು. ಸುರುಳಿ ಬಲ್ಬಿನ ಬೆಳಕು ಒಂದು ಅಂಗೈ ಜಾಗಕ್ಕೆ ಬಿದ್ದು ಮುಗಿಯುತ್ತದೆ, ಇಷ್ಟು ಉದ್ದದ ಮೈಗೆ ಸಾಲುವುದಿಲ್ಲ. ಬಿಸಿಲು ಕಾಯುವ ಹಲಗೆಯಿಂದ ದೀಪಕ್ಕೆ ಎಷ್ಟು ದೂರ ಇರಬೇಕು ಅನ್ನುವುದು ದೀಪದ ಡಬ್ಬಿಯ ಮೇಲೆ ಇರುತ್ತದೆ. ಸಾಮಾನ್ಯವಾಗಿ 30ರಿಂದ 45 ಸೆಂಟಿಮೀಟರ್. ಬಿಸಿ ದೀಪವನ್ನೂ ಇದನ್ನೂ ಪಕ್ಕಪಕ್ಕ ಹಾಕಿ, ಬೆಚ್ಚಗೆ ಮಲಗಿದಾಗಲೇ ಯುವಿಬಿಯೂ ಬೀಳುತ್ತದೆ. ದಿನಕ್ಕೆ 12 ಗಂಟೆ. ಟೈಮರ್ ಹಾಕಿಬಿಟ್ಟರೆ ಮರೆಯುವ ಪ್ರಶ್ನೆಯೇ ಇಲ್ಲ.

ಜನ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು, ಗಾಜು. ಕಿಟಕಿ ಪಕ್ಕ ಇಟ್ಟಿದ್ದೀನಿ, ಬಿಸಿಲು ಬೀಳುತ್ತೆ ಅನ್ನುತ್ತಾರೆ. ಕಿಟಕಿ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆದು ಬಿಸಿಯನ್ನು ಮಾತ್ರ ಒಳಗೆ ಬಿಡುತ್ತದೆ. ಗಾಜಿನ ತೊಟ್ಟಿಯನ್ನು ಬಿಸಿಲಿಗೆ ಇಟ್ಟರಂತೂ ಪ್ರಾಣಿ ಬೆಂದೇಹೋಗುತ್ತದೆ, ಸ್ವಲ್ಪ ಹೊತ್ತು ಸಾಕು ಅದಕ್ಕೆ. ಎರಡು, ಹಳೆಯ ದೀಪ. ಟ್ಯೂಬ್ ಉರಿಯುತ್ತಲೇ ಇರುತ್ತದೆ, ಬೆಳಕೂ ಕಾಣುತ್ತದೆ, ಆದರೆ ಅದರ ಯುವಿಬಿ ಸೊರಗಿ ಹೋಗಿರುತ್ತದೆ. ಟಿ5 ಆದರೆ ವರ್ಷಕ್ಕೊಮ್ಮೆ ಬದಲಾಯಿಸಿ, ಹಾಕಿದ ತಾರೀಖನ್ನು ಅದರ ಮೇಲೇ ಬರೆದಿಡಿ. ಯುವಿ ಅಳೆಯುವ ಮೀಟರ್ ಯಾರ ಹತ್ತಿರವಾದರೂ ಇದ್ದರೆ ಎರವಲು ತಂದು ನೋಡುವುದು ಇನ್ನೂ ಒಳ್ಳೆಯದು.

ಬೆಚ್ಚಗಿನ ದಿನ ಜಾಲರಿ ಗೂಡಿನಲ್ಲಿ, ಪಕ್ಕದಲ್ಲೇ ನೆರಳೂ ಇರುವಂತೆ, ನಿಜವಾದ ಬಿಸಿಲಿಗೆ ಇಡಲು ಸಾಧ್ಯವಾದರೆ ಯಾವ ದೀಪವೂ ಅದಕ್ಕೆ ಸಾಟಿ ಅಲ್ಲ. ಅಷ್ಟೂ ಹೊತ್ತು ನೀವು ಜೊತೆಗಿರಬೇಕು.

ಯುವಿಬಿಯೋ ಸುಣ್ಣವೋ ಕಮ್ಮಿ ಬಿದ್ದರೆ ಬರುವುದು ಮೂಳೆ ಮೆತ್ತಗಾಗುವ ಕಾಯಿಲೆ. ಸಾಕಿದ ಇಗ್ವಾನಾಗಳಲ್ಲಿ ತುಂಬಾ ಸಾಮಾನ್ಯ. ಇದರ ಮೋಸ ಏನೆಂದರೆ ಶುರುವಿನಲ್ಲಿ ಪ್ರಾಣಿ ದಷ್ಟಪುಷ್ಟವಾಗಿ ಕಾಣುತ್ತದೆ. ತೊಡೆ ಉಬ್ಬಿ ದುಂಡಗಾಗಿರುತ್ತದೆ, ನೋಡಿದವರು "ಚೆನ್ನಾಗಿ ತಿನ್ನಿಸಿದ್ದೀರಿ" ಅನ್ನುತ್ತಾರೆ. ಮುಟ್ಟಿ ನೋಡಿದರೆ ಆ ದುಂಡು ಗಟ್ಟಿಯಾಗಿರುತ್ತದೆ, ಬೆನ್ನು ಸೊಂಟದ ಮೇಲೆ ಮಾತ್ರ ಮೂಳೆ ಎದ್ದಿರುತ್ತದೆ. ಸುಣ್ಣ ಕಳೆದುಕೊಂಡು ಸೋತ ಮೂಳೆಯ ಸುತ್ತ ಮೈ ನಾರು ಕಟ್ಟಿದ್ದರ ಉಬ್ಬು ಅದು, ಮಾಂಸ ಅಲ್ಲ. ಆಮೇಲೆ ಕೆಳದವಡೆ ರಬ್ಬರಿನ ಹಾಗೆ ಬಾಗುತ್ತದೆ, ಬೆರಳುಗಳು ತನ್ನಷ್ಟಕ್ಕೆ ಅದುರುತ್ತವೆ, ಹೊಟ್ಟೆ ಎತ್ತಿ ನಡೆಯಲು ಆಗದೆ ತೆವಳುತ್ತದೆ. ಇಷ್ಟರಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ.

6. ನೀರು, ತೇವ

ಗೂಡಿನ ಗಾಳಿಯಲ್ಲಿ ತೇವಾಂಶ ಶೇಕಡಾ 65ರಿಂದ 80 ಇರಬೇಕು. ತೇವಮಾಪಕ ಒಂದನ್ನು ಒಳಗೆ ತೂಗುಹಾಕಿ, ಅಂದಾಜಿನಲ್ಲಿ ನಡೆಯುವ ಕೆಲಸ ಅಲ್ಲ ಇದು. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಎಲೆಯ ಮೇಲೆ ನಿಂತ ಹನಿಯನ್ನು ನೆಕ್ಕಿ ಕುಡಿಯುವುದು ಮರದ ಮೇಲಿನ ಹಲ್ಲಿಗಳ ಅಭ್ಯಾಸ, ಹಾಗಾಗಿ ಬಟ್ಟಲಿನ ನೀರು ಖಾಲಿಯಾಗಿಲ್ಲ ಅಂತ ಗಾಬರಿ ಬೇಡ. ಆದರೂ ಮೈ ಮುಳುಗುವಷ್ಟು ಅಗಲದ ತೊಟ್ಟಿ ಇರಲಿ. ಹೆಚ್ಚಿನವು ಅದರಲ್ಲೇ ಹೇತು ಬರುತ್ತವೆ. ಒಂದು ಲೆಕ್ಕಕ್ಕೆ ಅನುಕೂಲವೇ, ಗೂಡು ಚೊಕ್ಕಟವಾಗಿರುತ್ತದೆ, ಆದರೆ ನೀರು ದಿನಾ ಬದಲಾಯಿಸಬೇಕು.

ತೇವ ಕಮ್ಮಿಯಾದರೆ ಪೊರೆ ಸರಿಯಾಗಿ ಬಿಡುವುದಿಲ್ಲ. ಬೆರಳಿಗೂ ಬಾಲದ ತುದಿಗೂ ಹಳೆ ಪೊರೆ ಉಂಗುರದಂತೆ ಬಿಗಿದು ರಕ್ತ ನಿಂತು ಆ ತುದಿ ಕಪ್ಪಾಗಿ ಉದುರುತ್ತದೆ. ಪೊರೆ ಬಿಡುವ ಸಮಯದಲ್ಲಿ ಒಂದೊಂದೇ ಬೆರಳನ್ನು ನೋಡಿ. ಉಳಿದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿ, ಕೀಳಬೇಡಿ. ವರ್ಷಗಟ್ಟಲೆ ನೀರು ಸಾಲದೆ ಬದುಕಿದ ಇಗ್ವಾನಾಗಳ ಮೂತ್ರಪಿಂಡ ಕೈಕೊಡುತ್ತದೆ, ಅದಕ್ಕೆ ವಾಪಸ್ ದಾರಿ ಕಮ್ಮಿ.

ಮೂಗಿನಿಂದ ಫುಸ್ ಅಂತ ಸೀನಿ ಗೋಡೆಯ ಮೇಲೆಲ್ಲ ಬಿಳಿ ಚುಕ್ಕೆ ಮಾಡಿದರೆ ಹೆದರಬೇಡಿ. ಮೈಯಲ್ಲಿ ಹೆಚ್ಚಾದ ಉಪ್ಪನ್ನು ಅದು ಮೂಗಿನ ಗ್ರಂಥಿಯಿಂದ ಹೊರಹಾಕುವುದೇ ಹಾಗೆ. ಆದರೆ ಬಾಯಿ ತೆರೆದುಕೊಂಡು ಉಸಿರಾಡುವುದು, ಮೂಗಿನಲ್ಲಿ ಲೋಳೆ ಗುಳ್ಳೆ ಬರುವುದು ಬೇರೆ ವಿಷಯ. ಅದು ಶ್ವಾಸದ ಸೋಂಕು.

7. ಊಟ: ಬರೀ ಸೊಪ್ಪು

"ಹಲ್ಲಿ ಜಾತಿ ಅಲ್ವಾ, ಹುಳ ತಿನ್ನಬೇಕಲ್ಲ?" ಇಲ್ಲ. ಹಸಿರು ಇಗ್ವಾನಾ ಹುಟ್ಟಿನಿಂದ ಮುಪ್ಪಿನವರೆಗೆ ಎಲೆ ತಿನ್ನುವ ಪ್ರಾಣಿ. ಎಲೆಯ ನಾರನ್ನು ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಹುಳಿಸಿ ಕರಗಿಸುತ್ತವೆ. ಕಾಡಿನಲ್ಲಿ ಮರಿಗಳು ದೊಡ್ಡವುಗಳ ಹಿಕ್ಕೆ ತಿಂದು ಈ ಜೀವಿಗಳನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತವೆ. ಹುಳ, ಮಾಂಸ, ನಾಯಿ ಬೆಕ್ಕಿನ ಆಹಾರ, ಮೊಟ್ಟೆ, ಏನು ಕೊಟ್ಟರೂ ಆಸೆಯಿಂದ ತಿನ್ನುತ್ತದೆ, ಬೇಗ ಬೆಳೆದಂತೆಯೂ ಕಾಣುತ್ತದೆ, ಕೆಲವು ವರ್ಷದಲ್ಲಿ ಮೂತ್ರಪಿಂಡ ಕೆಡುತ್ತದೆ.

ದಿನದ ತಟ್ಟೆಯಲ್ಲಿ ಮುಕ್ಕಾಲು ಪಾಲು ಸೊಪ್ಪು ಇರಲಿ. ಸಾಸಿವೆ ಸೊಪ್ಪು, ಟರ್ನಿಪ್ ಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವು, ಡ್ಯಾಂಡೆಲಿಯನ್ ಸೊಪ್ಪು, ಕುದುರೆಮೆಂತೆ. ಇವುಗಳಲ್ಲಿ ಮೂರನ್ನಾದರೂ ಬೆರೆಸಿ. ಉಳಿದದ್ದಕ್ಕೆ ತುರಿದ ಸಿಹಿಗುಂಬಳ, ಸಣ್ಣಗೆ ಹೆಚ್ಚಿದ ಬೀನ್ಸ್. ಹಣ್ಣು ಆಗಾಗ ಒಂದು ಚೂರು, ಪರಂಗಿಯೋ ಅಂಜೂರವೋ. ಮರಿಗೆ ಎಲ್ಲವನ್ನೂ ಅದರ ತಲೆಗಿಂತ ಚಿಕ್ಕದಾಗಿ ಹೆಚ್ಚಬೇಕು, ಯಾಕೆಂದರೆ ಇವು ಅಗಿಯುವುದಿಲ್ಲ, ಕತ್ತರಿಸಿ ನುಂಗುತ್ತವೆ. ಔಷಧಿ ಹೊಡೆದ ಗಿಡದ ಎಲೆ ಬೇಡ.

ಪಾಲಕ್, ಹರಿವೆ, ಬೀಟ್‌ರೂಟ್ ಸೊಪ್ಪು ನಮಗೆ ಒಳ್ಳೆಯದು ಅಂತ ಇದಕ್ಕೂ ದಿನಾ ಹಾಕುವವರಿದ್ದಾರೆ. ಅವುಗಳಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣವನ್ನು ಕಟ್ಟಿಹಾಕುತ್ತದೆ, ಮೂಳೆಗೆ ಸಿಗಗೊಡುವುದಿಲ್ಲ. ಎಲೆಕೋಸು ಜಾಸ್ತಿಯಾದರೆ ಥೈರಾಯ್ಡ್ ಗ್ರಂಥಿಗೆ ತೊಂದರೆ. ಐಸ್‌ಬರ್ಗ್ ಲೆಟ್ಯೂಸ್‌ನಲ್ಲಿ ನೀರು ಬಿಟ್ಟರೆ ಏನಿಲ್ಲ, ಸುಮ್ನೆ ಹೊಟ್ಟೆ ತುಂಬುತ್ತದೆ. ಒಟ್ಟು ಊಟದಲ್ಲಿ ರಂಜಕಕ್ಕಿಂತ, ಅಂದರೆ ಫಾಸ್ಫರಸ್‌ಗಿಂತ, ಸುಣ್ಣ ಎರಡು ಪಟ್ಟು ಇರಬೇಕು ಅನ್ನುವುದು ಲೆಕ್ಕ. ಇದಕ್ಕಾಗಿ ರಂಜಕ ಬೆರೆಸದ ಕ್ಯಾಲ್ಸಿಯಂ ಪುಡಿಯನ್ನು ಮರಿಗಳಿಗೆ ಹೆಚ್ಚಿನ ದಿನ ಚಿಟಿಕೆಯಷ್ಟು, ದೊಡ್ಡವಕ್ಕೆ ವಾರಕ್ಕೆ ಎರಡು ಮೂರು ಸಲ ಉದುರಿಸಿ.

ತಟ್ಟೆ ಇಡುವ ಹೊತ್ತೂ ಮುಖ್ಯ. ಬೆಳಿಗ್ಗೆ ದೀಪ ಹೊತ್ತಿಕೊಂಡು ಮೈ ಕಾದ ಮೇಲೆ ಇಡಿ. ಸಂಜೆ ತಿಂದು ತಣ್ಣಗೆ ಮಲಗಿದರೆ ಹೊಟ್ಟೆಯಲ್ಲಿದ್ದದ್ದು ಜೀರ್ಣವಾಗದೆ ಕೊಳೆಯುತ್ತದೆ. ತಟ್ಟೆಯನ್ನು ಕೊಂಬೆಯ ಮಟ್ಟದಲ್ಲಿ ಸಿಕ್ಕಿಸಿ, ನೆಲಕ್ಕೆ ಇಳಿದು ತಿನ್ನಲು ಇವಕ್ಕೆ ಧೈರ್ಯ ಕಮ್ಮಿ.

8. ಈಗ ಮರಿ ತನ್ನಿ

ಗೂಡನ್ನು ಒಂದು ವಾರ ಖಾಲಿಯಾಗಿಯೇ ಓಡಿಸಿ, ಬೆಳಿಗ್ಗೆ ರಾತ್ರಿ ಬಿಸಿ ತೇವ ಬರೆದಿಟ್ಟುಕೊಳ್ಳಿ. ಅಂಕಿ ನಿಂತಲ್ಲಿ ನಿಂತ ಮೇಲೆ ಮರಿ.

ಆರಿಸುವಾಗ ಕಣ್ಣು ಪೂರ್ತಿ ತೆರೆದಿರಬೇಕು, ಬಾಲದ ಬುಡ ದುಂಡಗಿರಬೇಕು, ಕೈ ಹಾಕಿದರೆ ಓಡಬೇಕು. ಹಿಡಿದರೂ ಸುಮ್ಮನೆ ಕೂತ ಮರಿಯನ್ನು "ಎಷ್ಟು ಸಾಧು" ಅಂತ ತರುತ್ತಾರೆ. ಅದು ಸಾಧು ಅಲ್ಲ, ನಿಶ್ಶಕ್ತಿ. ತಂದ ಮೇಲೆ ಮೊದಲ ವಾರ ನೀರು, ಊಟ, ಶುಚಿ ಬಿಟ್ಟರೆ ಬೇರೆ ಯಾವುದಕ್ಕೂ ಮುಟ್ಟಬೇಡಿ. ಎರಡು ದಿನ ತಿನ್ನದಿದ್ದರೂ ಪರವಾಗಿಲ್ಲ. ಮುಂಭಾಗಕ್ಕೆ ಒಂದು ಬಟ್ಟೆ ಅರ್ಧ ಇಳಿಬಿಟ್ಟರೆ ಬೇಗ ಹೊಂದಿಕೊಳ್ಳುತ್ತದೆ. ಮೊದಲ ತಿಂಗಳೊಳಗೆ ಹಿಕ್ಕೆಯನ್ನು ಹುಳುಗಳ ಪರೀಕ್ಷೆಗೆ ವೈದ್ಯರಿಗೆ ಕೊಡಿ.

ಇಗ್ವಾನಾ ಎಷ್ಟೇ ಆರೋಗ್ಯವಾಗಿದ್ದರೂ ನಮಗೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅದರ ಹೊಟ್ಟೆಯಲ್ಲಿ ಇರಬಹುದು. ಮುಟ್ಟಿದ ಮೇಲೆ ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ. ಅದರ ತಟ್ಟೆ, ತೊಟ್ಟಿ ಅಡುಗೆಮನೆಯ ಸಿಂಕ್‌ಗೆ ಬರಬಾರದು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳು, ತೀರಾ ವಯಸ್ಸಾದವರು, ರೋಗ ತಡೆಯುವ ಶಕ್ತಿ ಕುಗ್ಗಿದವರು ಇದ್ದರೆ ಇಗ್ವಾನಾ ಬೇಡ ಅನ್ನುವುದೇ ನನ್ನ ಮಾತು.

9. ಕೈಗೆ ಒಗ್ಗಿಸುವುದು

ಅದರ ನೆತ್ತಿಯನ್ನು ಹತ್ತಿರದಿಂದ ನೋಡಿ. ಎರಡು ಕಣ್ಣಿನ ಹಿಂದೆ, ನಟ್ಟನಡುವೆ, ಮಬ್ಬು ಬಣ್ಣದ ಒಂದು ದುಂಡು ಚಿಪ್ಪು ಕಾಣುತ್ತದೆ. ಅದೂ ಒಂದು ಥರ ಕಣ್ಣೇ, ಚಿತ್ರ ಕಾಣುವುದಿಲ್ಲ, ಬೆಳಕು ನೆರಳು ಮಾತ್ರ ಗೊತ್ತಾಗುತ್ತದೆ. ಮೇಲಿನಿಂದ ನೆರಳು ಬಿತ್ತು ಅಂದರೆ ಅದರ ಲೆಕ್ಕದಲ್ಲಿ ಹದ್ದು ಬಂತು. ನೀವು ಪ್ರೀತಿಯಿಂದಲೇ ಮೇಲಿನಿಂದ ಕೈ ಇಳಿಸಿದರೂ ಹೆದರಿ ಹಾರುತ್ತದೆ. ಪಕ್ಕದಿಂದ, ಅದಕ್ಕೆ ಕಾಣುವಂತೆ, ನಿಧಾನಕ್ಕೆ ಕೈ ತನ್ನಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ ಕೊಟ್ಟು ಎತ್ತಿ.

ಬಾಲ ಹಿಡಿಯಬೇಡಿ, ಕಳಚಿ ಕೈಗೆ ಬರುತ್ತದೆ. ಮತ್ತೆ ಬೆಳೆದರೂ ಮೊದಲಿನ ಉದ್ದ, ಬಣ್ಣ ಇರುವುದಿಲ್ಲ. ಗಂಟಲ ಕೆಳಗಿನ ಜೋಲು ಚರ್ಮ ಬಿಚ್ಚಿ, ಮೈ ಓರೆ ಮಾಡಿ ನಿಂತರೆ ಅವತ್ತಿಗೆ ಸಾಕು. ಮುಂದಿನದು ಬಾಲದ ಚಾಟಿ ಏಟು, ಅದಾದ ಮೇಲೆ ಕಚ್ಚು. ಬೆಳೆದ ಗಂಡು ವರ್ಷಕ್ಕೊಮ್ಮೆ ಬೆದೆಗೆ ಬಂದಾಗ ಮೈ ಕಿತ್ತಳೆ ಬಣ್ಣಕ್ಕೆ ತಿರುಗಿ, ಸದಾ ತಲೆ ಆಡಿಸುತ್ತಾ, ಇಷ್ಟು ವರ್ಷ ಹೆಗಲ ಮೇಲೆ ಕೂತಿದ್ದದ್ದೇ ಮುಖಕ್ಕೆ ಹಾರಬಹುದು. ಆ ಕೆಲವು ವಾರ ದೂರ ಇರಿ. ಹೊಡೆದು ಬುದ್ಧಿ ಕಲಿಸುವ ಪ್ರಾಣಿ ಅಲ್ಲ ಇದು.

10. ಹೆಣ್ಣಾದರೆ

ಗಂಡಿಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಎರಡು ಮೂರನೇ ವರ್ಷದಿಂದ. ಒಂದು ಸಲಕ್ಕೆ 20ರಿಂದ 70ರವರೆಗೆ. ಇದು ಗೊತ್ತಿಲ್ಲದೆ ಪ್ರಾಣಿ ಕಳೆದುಕೊಂಡವರು ಬಹಳ. ಊಟ ಬಿಟ್ಟು, ಹೊಟ್ಟೆ ಉಬ್ಬಿ, ಮೂಲೆ ಮೂಲೆ ಕೆರೆಯಲು ಶುರು ಮಾಡಿತು ಅಂದರೆ, ಮೈ ಪೂರ್ತಿ ಒಳಗೆ ಹೋಗುವಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಒದ್ದೆ ಮರಳು ಮಣ್ಣು ಬೆರೆಸಿ ಆಳವಾಗಿ ತುಂಬಿ ಕೊಡಿ. ಅಗೆಯಲು ತಕ್ಕ ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿಸಿಕೊಳ್ಳುತ್ತದೆ. ಊಟ ಬಿಟ್ಟರೂ ಚುರುಕಾಗಿ ಓಡಾಡುತ್ತಿದ್ದರೆ ಕಾಯಬಹುದು. ಸೋತು ಮಲಗಿದರೆ, ಕಣ್ಣು ಗುಳಿ ಬಿದ್ದರೆ, ಕಾಲು ಅದುರಿದರೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ನಾಳೆಗೆ ಇಡಬೇಡಿ.

11. ಸಾಕಲು ಆಗದಿದ್ದರೆ

ಮನೆ ಬದಲಾಗಬಹುದು, ಕೆಲಸ ಬದಲಾಗಬಹುದು. ಮರಿ ಮಾರಿದವರನ್ನು, ವೈದ್ಯರನ್ನು, ಸರೀಸೃಪ ರಕ್ಷಣೆ ಮಾಡುವವರನ್ನು, ಮೃಗಾಲಯವನ್ನು ವಿಚಾರಿಸಿ. ದೊಡ್ಡ ಇಗ್ವಾನಾ ತೆಗೆದುಕೊಳ್ಳುವವರು ಸುಲಭಕ್ಕೆ ಸಿಗುವುದಿಲ್ಲ, ತಿಂಗಳುಗಟ್ಟಲೆ ಹುಡುಕಬೇಕಾಗುತ್ತದೆ. ಹೊರಗೆ ಬಿಡುವುದು ಮಾತ್ರ ಬೇಡ. ಚಳಿ ಊರಾದರೆ ಅದು ಸಾಯುತ್ತದೆ. ಬಿಸಿ ಊರಾದರೆ ಬದುಕಿ, ಮೊಟ್ಟೆ ಇಟ್ಟು ಹೆಚ್ಚಿ, ಅಲ್ಲಿನ ಗಿಡಮರಗಳನ್ನು ಬೋಳಿಸುತ್ತದೆ, ಕಾಲುವೆ ದಂಡೆಗಳಲ್ಲಿ ಬಿಲ ಕೊರೆಯುತ್ತದೆ. ಫ್ಲೋರಿಡಾದಲ್ಲಿ ಆದದ್ದು ಇದೇ. 2021ರಿಂದ ಅಲ್ಲಿ ಹೊಸದಾಗಿ ಇಗ್ವಾನಾ ತಂದು ಸಾಕುವಂತಿಲ್ಲ.